ನೂರೈವತ್ತು ರಿಯಾಲಿನ ಪೆಟ್ಟಿಗೆ

ಎರಡು ವಾರದಿಂದ ಈ ಕಡೆ ತಲೆ ಹಾಕಿಲ್ಲ. ಆಫೀಸಿನಲ್ಲಿ ರಿಲೀಸ್ ಇತ್ತು, ಸರ್ವರ್ ಮಲಗಿತ್ತು ಅಂತೆಲ್ಲ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದ್ರೆ ಶುಕ್ರವಾರದ ಈ ಹರಟೆಯಲ್ಲಿ ನಿಮ್ಮ ಹತ್ರ ಸುಳ್ಳು ಹೇಳಿ ಅಭ್ಯಾಸ ಇಲ್ಲ. ನಿಜ ಸಂಗತಿ ಏನಂದ್ರೆ, ಒಂದು ಹಳೇ ಪೆಟ್ಟಿಗೆ ಮನೆಗೆ ತಂದೆ. ಅದು ನನ್ನ ನಾಲ್ಕು ರಾತ್ರಿಯ ನಿದ್ದೆ ತಿಂದಿತು.

ಹಳೇ ಆಟಿಕೆ ಕಾರುಗಳನ್ನು ಕೂಡಿಡುವ ಹುಚ್ಚು ನನಗಿದೆ ಅನ್ನೋದು ಇಲ್ಲಿಗೆ ಬರುವ ಹಳಬರಿಗೆ ಗೊತ್ತು. ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ಕುಂದಾಪುರದ ಪೇಟೆಯಿಂದ ಒಂದು ಬಿಳಿ ಅಂಬಾಸಿಡರ್ ತಂದುಕೊಟ್ಟಿದ್ರು. ಪ್ಲಾಸ್ಟಿಕ್ಕಿನದ್ದು, ಹಿಂದೆ ಎಳೆದು ಬಿಟ್ರೆ ಮುಂದೆ ಓಡುವಂಥದ್ದು. ಸೆಂಟಿ ಕಂಪನಿಯ ಆ ಅಂಬಾಸಿಡರ್, ಆಟೋರಿಕ್ಷಾಗಳು ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇದ್ದಿರಬೇಕು. ನನ್ನದು ಒಂದೇ ಮಳೆಗಾಲದಲ್ಲಿ ಅಂಗಳದ ಕೆಸರಲ್ಲಿ ಎಲ್ಲೋ ಹೂತುಹೋಯ್ತು. ಇಪ್ಪತ್ತು ವರ್ಷ ಆದ ಮೇಲೆ, ಕೈಯಲ್ಲಿ ಸಂಬಳ ಬಂದು, ಕತಾರಿನ ಹೈಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರ್ ಪಕ್ಕ ಹಾಟ್ ವೀಲ್ಸ್ ಸಾಲಾಗಿ ನೇತಾಡೋದನ್ನ ನೋಡಿದಾಗ ಕೆಸರಲ್ಲಿ ಹೋದ ಆ ಕಾರು ನೆನಪಾಯ್ತು. ಅಲ್ಲಿಂದ ಶುರು. ಮೊದಲು ಹೊಸದು, ಆಮೇಲೆ ಹಳೇದು, ಆಮೇಲೆ ನಮ್ಮಪ್ಪನಿಗಿಂತ ಹಳೇದು...

ತಮಾಷೆ ಏನು ಗೊತ್ತಾ? ನಾನಿರೋದು ಲುಸೈಲ್‌ನಲ್ಲಿ. ಇಲ್ಲಿ ಹಳೇದು ಅನ್ನೋದೇ ಕಣ್ಣಿಗೆ ಬೀಳಲ್ಲ. ಆಧುನಿಕ ಕತಾರಿನ ಸ್ಥಾಪಕ ಶೇಖ್ ಜಾಸಿಮ್ ಕೊನೆಗಾಲದಲ್ಲಿ ವಾಸವಾಗಿದ್ದು, 1913ರಲ್ಲಿ ತೀರಿಕೊಂಡದ್ದು ಇದೇ ಲುಸೈಲ್‌ನಲ್ಲಿ. ಹಾಗಾಗಿ ಹೆಸರು ಹಳೇದು. ಊರು ಮಾತ್ರ ಇನ್ನೂ ಪ್ಯಾಕೆಟ್ ಬಿಚ್ಚದ ಆಟಿಕೆ ಥರ ಹೊಳೀತಾ ಇದೆ. 2022ರ ಡಿಸೆಂಬರ್ 18ಕ್ಕೆ ಮೆಸ್ಸಿ ಕಪ್ ಎತ್ತಿದ ಸ್ಟೇಡಿಯಂ ಇರೋದು ಇಲ್ಲೇ. ಅದೇ ವರ್ಷದ ಜನವರಿಯಲ್ಲಿ ಶುರುವಾದ ಟ್ರಾಮ್ ನಮ್ಮ ಬಿಲ್ಡಿಂಗಿನ ಹತ್ತಿರವೇ ಹೋಗುತ್ತೆ. ಇಂಥಾ ಊರಿನ ಹದಿನಾಲ್ಕನೇ ಮಹಡಿಯಲ್ಲಿ ಕೂತು ತುಕ್ಕು ಹಿಡಿದ ಕಾರು ಹುಡುಕೋನು ಹುಚ್ಚನಲ್ಲದೆ ಇನ್ನೇನು ಅಂತ ನನ್ನ ರೂಮ್‌ಮೇಟಿನ ಅಭಿಪ್ರಾಯ.

ಆದ್ರೆ ಗಲ್ಫಿನಲ್ಲಿ ಹಳೇ ಸಾಮಾನು ಸಿಗೋ ಒಂದು ದಾರಿ ಇದೆ. ಇಲ್ಲಿ ಯಾರೂ ಕಾಯಂ ಅಲ್ಲ. ದಿನಾ ಯಾರೋ ಒಬ್ರು ಊರಿಗೆ ವಾಪಸ್ ಹೊರಟಿರ್ತಾರೆ. ಹೊರಡೋ ಮುಂಚೆ ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು, ಮಿಕ್ಸಿ ಎಲ್ಲಾ ಮಾರಾಟಕ್ಕೆ. ವಿಮಾನದಲ್ಲಿ ಮೂವತ್ತು ಕಿಲೋ ಬಿಡ್ತಾರೆ ಅಂದ್ರೆ ಮೂವತ್ತು ವರ್ಷದ ಸಂಸಾರವನ್ನೂ ಆ ಮೂವತ್ತು ಕಿಲೋದೊಳಗೇ ತುಂಬಿಸ್ಬೇಕು. ಹೀಗೆ ಹೊರಟವರ ಸಾಮಾನಿನ ಫೋಟೋಗಳ ಮೂಲೆಯಲ್ಲಿ ನನ್ನಂಥವರಿಗೆ ಬೇಕಾದ್ದು ಕೂತಿರುತ್ತೆ. ಹೋದ ತಿಂಗಳು ಒಂದು ಡೈನಿಂಗ್ ಟೇಬಲ್ಲಿನ ಫೋಟೋದಲ್ಲಿ, ಟೇಬಲ್ಲಿನ ಕಾಲ ಹತ್ರ, ಬಾಯಿ ತೆರೆದ ಒಂದು ತಗಡಿನ ಟ್ರಂಕು ಕಾಣಿಸ್ತು. ಒಳಗೆ ಚಿಕ್ಕ ಚಿಕ್ಕ ಚಕ್ರಗಳು. ತಕ್ಷಣ ಫೋನ್ ಮಾಡಿದೆ.

"ಟೇಬಲ್ ಬೇಡ್ವಾ?" ಅಂತ ಇಂಗ್ಲಿಷಲ್ಲಿ ಕೇಳಿದ ದನಿಯಲ್ಲೇ ಮಂಗಳೂರು ಇತ್ತು. ನಾನು ಕನ್ನಡಕ್ಕೆ ಇಳಿದೆ. "ಓ, ನೀವು ನಮ್ಮ ಕಡೆಯವರಾ! ಬನ್ನಿ ಬನ್ನಿ, ಚಾ ಕುಡಿದು ಹೋಗುವಿರಂತೆ" ಅಂದ್ರು.

ಶುಕ್ರವಾರ ಸಂಜೆ ಮೆಟ್ರೋ ಹಿಡಿದು ಹೋದೆ. ಲುಸೈಲ್‌ನಿಂದ ಕೆಂಪು ಲೈನಿನಲ್ಲಿ ಎರಡು ರಿಯಾಲ್ ಟಿಕೇಟು, ಇಳಿದು ನಜ್ಮಾದ ಹಳೇ ಗಲ್ಲಿಗಳಲ್ಲಿ ಹದಿನೈದು ನಿಮಿಷ ನಡಿಗೆ. ಅಂಕಲ್‌ಗೆ ಅರವತ್ತೈದು ದಾಟಿದೆ. ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿ 1988ರಲ್ಲಿ ಬಂದವರು. ಆಂಟಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಾರೆ, ಮಗ ಕೆನಡಾದಲ್ಲಿ. ಗೋಡೆಯಲ್ಲಿ ಏಸುವಿನ ಫೋಟೋ ತೆಗೆದ ಜಾಗ ಬೆಳ್ಳಗೆ ಕಾಣ್ತಿತ್ತು. ಮುಂದಿನ ಗುರುವಾರ ರಾತ್ರಿ ಮಂಗಳೂರಿನ ಫ್ಲೈಟು.

ಟ್ರಂಕಿನ ಕಥೆ ಅವರೇ ಹೇಳಿದ್ರು. ಅವರ ಅಪ್ಪ ಚಿಕ್ಕಮಗಳೂರು ಕಡೆಯ ಒಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಅಡುಗೆಯವರಾಗಿದ್ರಂತೆ. ಅರವತ್ತರ ದಶಕದಲ್ಲಿ ದೊರೆ ಎಸ್ಟೇಟ್ ಮಾರಿ ಇಂಗ್ಲೆಂಡಿಗೆ ಹೊರಟಾಗ, ಕೊಂಡುಹೋಗಲಾರದ್ದನ್ನು ಆಳುಕಾಳುಗಳಿಗೆ ಹಂಚಿದ. ಅಡುಗೆಯವರ ಪಾಲಿಗೆ ಬಂದದ್ದು ಈ ಟ್ರಂಕು. ದೊರೆಯ ಮಗನ ಆಟಿಕೆಗಳು, ಮತ್ತೆ ದೊರೆಯ ಮೀನು ಹಿಡಿಯುವ ಕೆಲವು ಸಾಮಾನು. "ನಾನಾಗ ಮೂರನೇ ಕ್ಲಾಸು. ನಮ್ಮ ಊರಲ್ಲಿ ಕಬ್ಬಿಣದ ಕಾರು ಇದ್ದದ್ದು ನನ್ನ ಹತ್ರ ಮಾತ್ರ" ಅಂದ್ರು ಅಂಕಲ್. ಆಮೇಲೆ ಮಗ ಹುಟ್ಟಿದ ಮೇಲೆ ರಜೆಗೆ ಹೋದಾಗ ಟ್ರಂಕನ್ನು ದೋಹಾಕ್ಕೆ ತಂದ್ರಂತೆ. ಮಗನಿಗೆ ಆಟಕ್ಕಾಯ್ತು, ತನಗೆ ಸಮುದ್ರ ಉಂಟಲ್ಲ, ಗಾಳ ಹಾಕ್ಲಿಕ್ಕಾಯ್ತು ಅಂತ.

ಇನ್ನೂರು ರಿಯಾಲ್ ಹೇಳಿದ್ರು. ನಾನು ನೂರೈವತ್ತಕ್ಕೆ ಇಳಿಸಿದೆ. ಇದನ್ನು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಚಾ, ಜೊತೆಗೆ ಬಿಸ್ಕತ್ತು ತಿಂದು, ಟ್ರಂಕನ್ನು ತೊಡೆ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ವಾಪಸ್ ಬಂದೆ.

ಈಗ ಒಳಗೆ ಎಂತ ಇತ್ತು ಅಂತ ಹೇಳಬೇಕಲ್ಲ.

ಮೇಲುಗಡೆ ಏಳು ಮ್ಯಾಚ್‌ಬಾಕ್ಸ್ ಕಾರುಗಳು. ಇವುಗಳ ಹುಟ್ಟಿನ ಕಥೆ ನನಗೆ ತುಂಬ ಇಷ್ಟ. ಲಂಡನ್ನಿನ ಲೆಸ್ನಿ ಅನ್ನೋ ಕಂಪನಿಯಲ್ಲಿ ಜ್ಯಾಕ್ ಓಡೆಲ್ ಅಂತ ಒಬ್ಬ ಎಂಜಿನಿಯರ್ ಇದ್ದ. ಅವನ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕ ಆಟಿಕೆ ಮಾತ್ರ ತರಬಹುದು ಅಂತ ನಿಯಮವಂತೆ. ಅಪ್ಪ ಕೂತು ಹಿತ್ತಾಳೆಯಲ್ಲಿ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟ. ಮಿಕ್ಕ ಮಕ್ಕಳಿಗೂ ಬೇಕಾಯ್ತು. 1953ರಲ್ಲಿ ಮ್ಯಾಚ್‌ಬಾಕ್ಸ್ ಹುಟ್ಟಿತು. ಮಕ್ಕಳ ಶಾಲೆಯ ಒಂದು ರೂಲಿನಿಂದ ಒಂದು ಇಂಡಸ್ಟ್ರಿ! ನಮ್ಮ ಮ್ಯಾನೇಜರುಗಳು ಇದನ್ನು ಪವರ್‌ಪಾಯಿಂಟ್‌ನಲ್ಲಿ ಹಾಕಿಲ್ಲ ಅನ್ನೋದೇ ಆಶ್ಚರ್ಯ :)

ಮ್ಯಾಚ್‌ಬಾಕ್ಸಿನ ವಯಸ್ಸು ತಿಳೀಬೇಕಾದ್ರೆ ಚಕ್ರ ನೋಡಬೇಕು. ಮೊದಮೊದಲು ಲೋಹದ ಚಕ್ರ, ಆಮೇಲೆ ಬೂದು ಬಣ್ಣದ ಪ್ಲಾಸ್ಟಿಕ್, ಆಮೇಲೆ ಕಪ್ಪು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹದಿನಾರು ಹಾಟ್ ವೀಲ್ಸ್ ಕಾರು ಬಿಟ್ಟಿತು. ಅವು ಜಾರುವ ಹಾಗೆ ಓಡ್ತಿದ್ವು. ಮ್ಯಾಚ್‌ಬಾಕ್ಸಿನವರು ಗಾಬರಿಯಾಗಿ 1969ರಲ್ಲಿ ತಮ್ಮ ಚಕ್ರವನ್ನೂ ಬದಲಾಯಿಸಿ ಸೂಪರ್‌ಫಾಸ್ಟ್ ಅಂತ ಹೆಸರಿಟ್ರು. ಏನು ಮಾಡಿದ್ರೂ ಲೆಸ್ನಿ 1982ರಲ್ಲಿ ದಿವಾಳಿಯಾಯ್ತು. ಕೈಯಿಂದ ಕೈಗೆ ಹೋಗಿ ಕೊನೆಗೆ 1997ರಲ್ಲಿ ಮ್ಯಾಚ್‌ಬಾಕ್ಸ್ ಸೇರಿದ್ದು ಯಾರ ಮಡಿಲಿಗೆ ಅಂತೀರಿ? ಅದೇ ಮ್ಯಾಟೆಲ್! ಈಗ ಎರಡೂ ಒಂದೇ ಮನೆಯ ಸೊಸೆಯಂದಿರು. ಟ್ರಂಕಿನಲ್ಲಿದ್ದ ಏಳರಲ್ಲಿ ಎರಡಕ್ಕೆ ಲೋಹದ ಚಕ್ರ, ಐದಕ್ಕೆ ಬೂದು. ಅಂದ್ರೆ ಐವತ್ತರ ದಶಕದ ಆಸುಪಾಸಿನವು. ಒಂದಕ್ಕೂ ಡಬ್ಬ ಇಲ್ಲ. ಈ ಲೋಕದಲ್ಲಿ ಖಾಲಿ ಡಬ್ಬಕ್ಕೂ ಕಾರಿನಷ್ಟೇ ಬೆಲೆ ಬರೋದುಂಟು. ಮಕ್ಕಳು ಮೊದಲು ಹರಿದು ಬಿಸಾಡೋದು ಡಬ್ಬವನ್ನೇ ಆದ್ದರಿಂದ ಉಳಿದದ್ದು ಕಡಿಮೆ, ಅಷ್ಟೇ ಲೆಕ್ಕ.

ನಮ್ಮ ದೇಶದ್ದೂ ಒಂದು ಕೊಂಡಿ ಇಲ್ಲಿದೆ. ಅರವತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಡಿಂಕಿ ಟಾಯ್ಸ್‌ನವರು ತಮ್ಮ ಕೆಲವು ಹಳೇ ಅಚ್ಚುಗಳನ್ನು ಕಲ್ಕತ್ತಾಕ್ಕೆ ಕಳಿಸಿದ್ರು. ಅಲ್ಲಿ ಅವು ನಿಕ್ಕಿ ಟಾಯ್ಸ್ ಅನ್ನೋ ಹೆಸರಲ್ಲಿ ಹೊರಬಂದ್ವು. ಕಾರಿನ ಹೊಟ್ಟೆಯಡಿ ಡಿಂಕಿ ಅನ್ನೋ ಅಕ್ಷರ ಅಳಿಸಿ ನಿಕ್ಕಿ ಅಂತ ಮಾಡಿರ್ತಾರೆ. ಬಣ್ಣ ದಪ್ಪ, ಎರಕ ಒರಟು. ಆಗ ಇದು ಬಡವರ ಡಿಂಕಿ, ಈಗ ಇಂಗ್ಲೆಂಡಿನವರೇ ಹುಡುಕಿ ಹುಡುಕಿ ಕೊಳ್ತಾರೆ. ನನ್ನ ಹತ್ರ ಇನ್ನೂ ಒಂದಿಲ್ಲ. ಯಾರದಾದ್ರೂ ಅಟ್ಟದಲ್ಲಿ ಕಂಡ್ರೆ ಹೇಳಿ ಮಾರಾಯ್ರೆ.

ಮ್ಯಾಚ್‌ಬಾಕ್ಸಿನ ಕೆಳಗೆ ಒಂದು ಹಾರ್ನ್‌ಬಿ ರೈಲು ಎಂಜಿನ್ನು. ತಗಡಿನದ್ದು, ಹಸಿರು ಬಣ್ಣ, ಕೀಲಿ ಕೊಟ್ರೆ ಓಡುವಂಥದ್ದು. ಕೀಲಿ ಮಾತ್ರ ನಾಪತ್ತೆ. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗೆ ಅಂತ ತೂತು ಕೊರೆದ ಲೋಹದ ಪಟ್ಟಿಗಳನ್ನು ಮಾಡಿ 1901ರಲ್ಲಿ ಪೇಟೆಂಟ್ ತಗೊಂಡ. ಅದೇ ಮುಂದೆ ಮೆಕ್ಯಾನೋ ಆಯ್ತು. 1920ರಲ್ಲಿ ರೈಲು, 1930ರ ದಶಕದಲ್ಲಿ ಡಿಂಕಿ ಕಾರುಗಳು, 1938ರಲ್ಲಿ ಚಿಕ್ಕ ಅಳತೆಯ ಡಬ್ಲೋ ರೈಲು. ಮೂರು ಥರದ ಆಟಿಕೆ ಒಂದೇ ಕಾರ್ಖಾನೆಯಿಂದ. ಆ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಬಾಗಿಲು ಹಾಕಿತು. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ ತೆರೆದದ್ದೂ ಅದೇ 1979ರಲ್ಲಿ. ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿ ನೋಡಿ ಬಾಯಿಬಿಟ್ಟುಕೊಂಡು ನಿಂತ ಮಕ್ಕಳಲ್ಲಿ ನಾನೂ ಒಬ್ಬ.

ರೈಲಿನ ವಿಷಯ ಬಂದಾಗ ಎಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಒಂದು ಲೆಕ್ಕ ಹೇಳ್ತೀನಿ. ಲೋಕದಲ್ಲಿ ತುಂಬ ಚಾಲ್ತಿಯಲ್ಲಿರೋ ಎಚ್‌ಓ ಮಾದರಿ ರೈಲು ನಿಜವಾದದ್ದರ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, 1435 ಬರುತ್ತೆ. ಅದು ಯುರೋಪಿನ ಸ್ಟ್ಯಾಂಡರ್ಡ್ ಗೇಜು, ನಮ್ಮ ಲುಸೈಲ್ ಟ್ರಾಮಿನ ಗೇಜೂ ಅದೇ. ಆದ್ರೆ ಭಾರತದ ಬ್ರಾಡ್ ಗೇಜ್ 1676. ಅದಕ್ಕೆ ಸರಿಯಾದ ಮಾದರಿ ಹಳಿ 19.3 ಮಿಲಿಮೀಟರ್ ಇರಬೇಕು, ಅದು ಅಂಗಡಿಯಲ್ಲಿ ಸಿಗಲ್ಲ. ಹಾಗಾಗಿ ನಮ್ಮವರು ಭಾರತದ ಎಂಜಿನ್ ಮಾಡೆಲ್ ಮಾಡಿದ್ರೂ ಸಾಮಾನ್ಯವಾಗಿ ಓಡಿಸೋದು ವಿಲಾಯಿತಿ ಅಳತೆಯ ಸಪೂರ ಹಳಿ ಮೇಲೆ. ದಪ್ಪ ಮನುಷ್ಯ ಮಗನ ಚಪ್ಪಲಿ ಹಾಕಿಕೊಂಡ ಹಾಗೆ. ನಾವು ಗಲ್ಫಿಗೆ ಬಂದವರೂ ಒಂಥರಾ ಹಾಗೇ ಅಲ್ವಾ... ಹೋಗ್ಲಿ ಬಿಡಿ, ಕಥೆಗೆ ಬರೋಣ. ಅಪ್ಪಯ್ಯನ ಬಾಲ್ಯದಲ್ಲಿ ಕುಂದಾಪುರಕ್ಕೆ ರೈಲೇ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿಯಲ್ಲಿ. ಹಾಗಾಗಿ ಆ ಎಂಜಿನ್ನಿನ ಫೋಟೋ ಕಳಿಸಿದ್ರೆ ಅವರ ಉತ್ತರ, "ಚೆಂದ ಇತ್ತ್. ಆದ್ರೆ ಬಸ್ಸಿಲ್ಯಾ?"

ಎಂಜಿನ್ನಿನ ಪಕ್ಕ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಡಿಂಕಿ ಡೆಲಿವರಿ ವ್ಯಾನ್ ಇತ್ತು. ಟ್ರಂಕು ಕೊಡುವಾಗ ಅಂಕಲ್ ಅದನ್ನು ತೋರಿಸಿ ಹೇಳಿದ್ರು: "ಇದು ಮಾತ್ರ ಹಾಳಾಗಿದೆ. ನನ್ನ ಮಗ ಒಡೆದು ಹಾಕಿದ. ಏಳು ವರ್ಷ ಇರ್ಬೇಕು ಅವನಿಗೆ. ನನಗೆ ತುಂಬ ಇಷ್ಟದ ಗಾಡಿ ಇದು, ಸಿಟ್ಟು ಬಂದು ಎರಡು ಬಾರಿಸಿದ್ದೆ." ನಾನು ಹೂಂಗುಟ್ಟಿ ಪೇಪರಿನಲ್ಲೇ ಸುತ್ತಿ ಇಟ್ಟುಕೊಂಡಿದ್ದೆ. ಮನೆಗೆ ಬಂದು ದೀಪದಡಿ ಬಿಚ್ಚಿ ನೋಡ್ತೀನಿ, ಅದು ಒಡೆದದ್ದಲ್ಲ.

ಇದನ್ನು ಸಂಗ್ರಹಗಾರರು ಜಿಂಕ್ ಪೆಸ್ಟ್ ಅಂತಾರೆ. ಸತುವಿನ ರೋಗ ಅನ್ನಿ. ಈ ಕಾರುಗಳೆಲ್ಲ ಸತುವಿನ ಮಿಶ್ರಲೋಹದ ಎರಕ. ಸತು ಶುದ್ಧವಾಗಿರಬೇಕು. ಎರಕದ ಪಾತ್ರೆಗೆ ಚೂರೇ ಚೂರು ಸೀಸ ಬೆರೆತರೂ ಲೋಹದ ಕಣಗಳ ನಡುವೆ ಒಳಗಿಂದಲೇ ಸವೆತ ಶುರುವಾಗುತ್ತೆ. ಹತ್ತಾರು ವರ್ಷ ಏನೂ ಗೊತ್ತಾಗಲ್ಲ. ಆಮೇಲೆ ಲೋಹ ಊದಿಕೊಳ್ಳುತ್ತೆ, ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು, ಕೊನೆಗೊಂದು ದಿನ ಮುಟ್ಟಿದ್ರೆ ಹಪ್ಪಳದ ಹಾಗೆ ಪುಡಿ. ಸೆಖೆ ಮತ್ತು ತೇವ ಇದ್ರೆ ಇನ್ನೂ ಬೇಗ. ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಿಗೆ ಇದು ಮನೆತನದ ಕಾಯಿಲೆ. ಔಷಧಿ ಇಲ್ಲ. ಅಂಕಲ್ ವ್ಯಾನಿನ ಚಕ್ರದ ನಡುಭಾಗ ನುಣುಪಾಗಿತ್ತು, ಅಚ್ಚು ಸಪೂರ, ಅಂದ್ರೆ ಯುದ್ಧಕ್ಕೆ ಮುಂಚಿನದ್ದು. ಮೈತುಂಬ ಬಿರುಕಿನ ಬಲೆ, ಚಾವಣಿ ಉಬ್ಬಿ ಸೀಳಿತ್ತು. ಕೈಜಾರಿ ಬಿದ್ದು ಒಡೆದದ್ದಾದ್ರೆ ಒಂದು ಕಡೆ ಜಜ್ಜಿರಬೇಕು, ಬಣ್ಣ ಕೆತ್ತಿ ಹೋಗಿರಬೇಕು. ಅಂಥಾ ಗುರುತು ಒಂದೂ ಇಲ್ಲ. ಆ ಹುಡುಗ ಹುಟ್ಟುವ ಐವತ್ತು ವರ್ಷ ಮುಂಚೆಯೇ, ಲಿವರ್‌ಪೂಲಿನಲ್ಲಿ ಯಾರೋ ಎರಕ ಹೊಯ್ಯುವಾಗಲೇ ಈ ಬಿರುಕು ನಿಗದಿಯಾಗಿತ್ತು.

ಅಂದ್ರೆ ಆ ಹುಡುಗ ತಿಂದ ಎರಡು ಪೆಟ್ಟು?

ಅದು ಒಂದು. ಇನ್ನೊಂದು ಟ್ರಂಕಿನ ತಳದಲ್ಲಿತ್ತು.

ತಳದಲ್ಲಿ ದೊರೆಯ ಮೀನು ಸಾಮಾನು. ತುಕ್ಕು ಹಿಡಿದ ಗಾಳಗಳು, ಬಣ್ಣ ಮಾಸಿದ ಹಿತ್ತಾಳೆಯ ಚಮಚೆಯಂಥ ಎರೆಗಳು, ಮತ್ತೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ದುಂಡನೆಯ ರೀಲು, ಅಂದ್ರೆ ದಾರ ಸುತ್ತುವ ಉರುಟು. ಮೀನಿನ ಸಾಮಾನಿನ ಬಗ್ಗೆ ನನಗೆ ಗೊತ್ತಿರೋದು ಊರಿನದ್ದು. ಬೀಸುಬಲೆ, ಗಾಳ, ಕಡಲ ತೀರದಲ್ಲಿ ನೂರಾರು ಕೈ ಸೇರಿ ಎಳೆಯುತ್ತಿದ್ದ ರಂಪಣಿ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆಗೆ ಸೇರಿತು ಅಂತ ಅಜ್ಜಯ್ಯ ಹೇಳ್ತಿದ್ರು. ಇಲ್ಲಿ ಕತಾರಿನವರದ್ದು ತಂತಿಯ ಗುಮ್ಮಟದಂಥ ಬೋನು, ಗರ್ಗೂರ್ ಅಂತಾರೆ. ಕೋಲಿಲ್ಲದೆ ಬರೀ ದಾರ ಹಿಡಿದು ಮೀನು ಹಿಡಿಯೋದಕ್ಕೆ ಹದಾಖ್ ಅಂತಾರೆ. ಕತಾರಾದಲ್ಲಿ ನಡೆಯುವ ಸೆನ್ಯಾರ್ ಸ್ಪರ್ಧೆಯಲ್ಲಿ ಅದನ್ನೇ ಆಡ್ತಾರೆ. ಆದ್ರೆ ದೊರೆಗಳ ರೀಲು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಹಿಡಿ ತಿರುಗಿಸಿದೆ. ಟಿಕ್ ಟಿಕ್ ಟಿಕ್ ಅಂತ ಎಷ್ಟು ನಯವಾಗಿ ತಿರುಗಿತು ಅಂತೀರಿ! ಬೆನ್ನಿನ ಹಿತ್ತಾಳೆ ತಗಡಿನ ಮೇಲೆ ಅಕ್ಷರಗಳಿದ್ವು. ಫೋನಿನ ದೀಪ ಓರೆ ಮಾಡಿ ಹಿಡಿದೆ. ಹಾರ್ಡಿ, ಆಲ್ನಿಕ್. ಪರ್ಫೆಕ್ಟ್.

ರಾತ್ರಿ ಎರಡು ಗಂಟೆವರೆಗೆ ಓದಿದೆ. ಇಂಗ್ಲೆಂಡಿನ ಉತ್ತರದ ಆಲ್ನಿಕ್ ಊರಿನ ಹಾರ್ಡಿ ಸೋದರರ ಕಂಪನಿ 1872ರದ್ದು. ಪರ್ಫೆಕ್ಟ್ ಅನ್ನೋ ರೀಲು 1891ರಿಂದ ಬಂದದ್ದು, ಒಳಗೆ ಬಾಲ್ ಬೇರಿಂಗ್. ಹಳೇ ಹಾರ್ಡಿ ಪರ್ಫೆಕ್ಟುಗಳು ಹರಾಜಿನಲ್ಲಿ ನೂರಾರು ಪೌಂಡಿಗೆ ಹೋಗ್ತವೆ. ಒಳ್ಳೇ ಸ್ಥಿತಿಯಲ್ಲಿದ್ರೆ ಇನ್ನೂ ಮೇಲೆ. ಹಿತ್ತಾಳೆ ಅಂತ ಹುಣಸೆಹುಳಿ ಹಾಕಿ ತಿಕ್ಕಿದ್ರೆ ಬೆಲೆ ಬಿದ್ದುಹೋಗುತ್ತೆ, ಆ ಕಪ್ಪೇ ಅದರ ವಯಸ್ಸಿನ ಸಾಕ್ಷಿ. ಪುಣ್ಯಕ್ಕೆ ಅಂಕಲ್ ತಿಕ್ಕಿರಲಿಲ್ಲ.

ಇಂಥಾ ರೀಲು ನಮ್ಮ ಘಟ್ಟಕ್ಕೆ ಯಾಕೆ ಬಂತು ಅನ್ನೋದಕ್ಕೂ ಉತ್ತರ ಇದೆ. ನಮ್ಮ ಹೊಳೆಗಳ ಮಹಶೀರ್ ಮೀನು ದೊರೆಗಳ ಕನಸಾಗಿತ್ತು. ಶೃಂಗೇರಿಯಲ್ಲಿ, ಶಿಶಿಲದಲ್ಲಿ ನಾವು ದೇವರ ಮೀನು ಅಂತ ಮಂಡಕ್ಕಿ ಹಾಕ್ತೀವಲ್ಲ, ಅದೇ ಬಳಗ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅನ್ನೋರು ಗಾಳ ಹಾಕೋದರ ಬಗ್ಗೆ ‘ದ ರಾಡ್ ಇನ್ ಇಂಡಿಯಾ’ ಅಂತ ಒಂದು ಪುಸ್ತಕವನ್ನೇ ಬರೆದ್ರು. 1873ರಲ್ಲಿ ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ! ಪ್ರಾಣಿಗಳ ಚರ್ಮ ಹದ ಮಾಡಿ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ತೂಕ 120 ಪೌಂಡು, ಅಂದ್ರೆ ಹೆಚ್ಚುಕಮ್ಮಿ 54 ಕಿಲೋ. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಕೆಂಪುಪಟ್ಟಿ ಸೇರಿತು. ಗಾಳ ಉಳಿದಿದೆ, ಮೀನು ಉಳಿದಿಲ್ಲ.

ಸರಿ. ಈಗ ನನ್ನ ಸಂಕಟ ಅರ್ಥವಾಯ್ತಲ್ಲ? ನೂರೈವತ್ತು ರಿಯಾಲ್ ಕೊಟ್ಟು ಅದರ ಹತ್ತಾರು ಪಟ್ಟು ಬೆಲೆಯ ವಸ್ತು ತಂದಿದ್ದೇನೆ. ಅದೂ ಚೌಕಾಶಿ ಮಾಡಿ. ಅದೂ ಅವರ ಚಾ ಕುಡಿದು.

ರೂಮ್‌ಮೇಟ್ ಹೇಳಿದ, "ಸುಮ್ನೆ ಇಟ್ಕೋ. ಅವರು ಮಾರಿದ್ರು, ನೀನು ತಗೊಂಡೆ. ನಿನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ವ್ಯಾಪಾರ ಅಂದ್ರೆ ಅದೇ." ಮಾತು ಪೂರ್ತಿ ಸುಳ್ಳೇನಲ್ಲ. ಅಂಗಡಿಯವನಿಂದ ತಗೊಂಡಿದ್ರೆ ನಾನೂ ಹಾಗೇ ಅಂತಿದ್ದೆ, ಬೆಲೆ ತಿಳ್ಕೊಳ್ಳೋದು ಅವನ ಕೆಲಸ. ಸಂಗ್ರಹಗಾರರೆಲ್ಲ ಮೀಸೆ ತಿರುವಿ ಹೇಳೋ ಕಥೆಗಳೂ ಇಂಥವೇ, ಗುಜರಿಯಲ್ಲಿ ಹತ್ತು ರೂಪಾಯಿಗೆ ಸಿಕ್ಕಿತು ಅಂತ. ನಾನೂ ಇಲ್ಲೇ ಅಂಥದ್ದನ್ನ ಬರೆದು ನಿಮ್ಮಿಂದ ಭೇಷ್ ಅನ್ನಿಸಿಕೊಂಡಿದ್ದೇನೆ. ಆದ್ರೆ ಅಂಕಲ್ ಅಂಗಡಿಯವರಲ್ಲ. ಮೂವತ್ತು ಕಿಲೋದ ಲೆಕ್ಕಕ್ಕೆ ಮನೆ ಖಾಲಿ ಮಾಡುತ್ತಿರೋ ಮನುಷ್ಯ. ನಾಳೆ ನಾನೂ ಹಾಗೇ ಹೊರಡುವವನೇ. ಆಗ ನನ್ನ ಕಪಾಟಿನ ಮುಂದೆ ಯಾವನೋ ಒಬ್ಬ ಹುಡುಗ ನಿಂತು "ಎಲ್ಲಾ ಸೇರಿ ನೂರಕ್ಕೆ ಕೊಡ್ತೀರಾ ಅಂಕಲ್" ಅಂತಾನೆ...

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವರು ಬೆಲೆಯ ಸುದ್ದಿಗೇ ಹೋಗಲಿಲ್ಲ. "ಆ ಪಾಪದ ಮಾಣಿ ಸುಮ್ನೆ ಪೆಟ್ಟು ತಿಂದನಲ್ಲ, ಅದನ್ನಾರೂ ಹೇಳಿ ಬಾ" ಅಂದ್ರು.

ಮಂಗಳವಾರ ಆಫೀಸ್ ಮುಗಿಸಿ ಮತ್ತೆ ನಜ್ಮಾಕ್ಕೆ ಹೋದೆ. ಮನೆ ಮುಕ್ಕಾಲು ಖಾಲಿ, ಡೈನಿಂಗ್ ಟೇಬಲ್ ಹೋಗಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ ಉಳಿದಿದ್ವು. ರೀಲನ್ನು ಕೈಗಿಟ್ಟು, ಅದೇನು, ಎಷ್ಟು ಬೆಲೆ ಬಾಳಬಹುದು ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ಅಂಕಲ್ ಕೇಳಿಸಿಕೊಂಡು, ಹಿಡಿ ತಿರುಗಿಸಿ ಟಿಕ್ ಟಿಕ್ ಸದ್ದು ಕೇಳಿ, ನನ್ನ ಮುಖ ನೋಡಿದ್ರು.

"ಇದು ಒಳ್ಳೆಯದು ಅಂತ ನನ್ನ ಅಪ್ಪ ಹೇಳ್ತಿದ್ರು. ಇಷ್ಟು ಒಳ್ಳೆಯದು ಅಂತ ಗೊತ್ತಿರ್ಲಿಲ್ಲ ಪುತಾ. ಹಾಗಾದ್ರೆ ಇದು ನನಗಿರ್ಲಿ" ಅಂತ ಪಕ್ಕಕ್ಕಿಟ್ಟುಕೊಂಡ್ರು.

ಸತ್ಯ ಹೇಳ್ತೀನಿ, ನನ್ನ ಮುಖ ಒಂದು ಕ್ಷಣ ಬಾಡಿತು. ದಾರಿಯುದ್ದಕ್ಕೂ ಒಳಗೊಳಗೆ ನಾನು ಇನ್ನೊಂದು ಸಂಭಾಷಣೆ ಬರೆದುಕೊಂಡು ಬಂದಿದ್ದೆ. ನನ್ನ ಪ್ರಾಮಾಣಿಕತೆ ನೋಡಿ ಅವರು ಗದ್ಗದಿತರಾಗಿ "ನೀನೇ ಇಟ್ಕೋ" ಅಂತಾರೆ, ನಾನು ಬೇಡ ಬೇಡ ಅಂತ ಎರಡು ಸಲ ಹೇಳಿ ಮೂರನೇ ಸಲ ಒಪ್ಪಿಕೊಳ್ತೀನಿ ಅಂತ. ಸಿನಿಮಾದಲ್ಲಿ ಹಾಗೇ ತಾನೆ ಆಗೋದು? ಅಂಕಲ್ ಸಿನಿಮಾ ನೋಡಿದವರಲ್ಲ.

ಆಮೇಲೆ ವ್ಯಾನ್ ತೆಗೆದೆ. ಬಿರುಕುಗಳನ್ನು ತೋರಿಸಿದೆ. ಸತು, ಸೀಸ, ಎರಕ, ಸೆಖೆ... ಕನ್ನಡದಲ್ಲಿ ಇದನ್ನೆಲ್ಲ ವಿವರಿಸಿದ್ದು ಅದೇ ಮೊದಲು, ತಡವರಿಸಿದೆ. ಕೊನೆಗೆ ಹೇಳಿದೆ, "ಅಂಕಲ್, ಇದನ್ನು ನಿಮ್ಮ ಮಗ ಒಡೆದದ್ದಲ್ಲ. ಇದು ತನ್ನಷ್ಟಕ್ಕೇ ಸೀಳಿದ್ದು. ಯಾರು ಎಷ್ಟು ಜೋಪಾನ ಮಾಡಿದ್ರೂ ಹೀಗೇ ಆಗ್ತಿತ್ತು."

ಅವರು ತುಂಬ ಹೊತ್ತು ಮಾತಾಡಲಿಲ್ಲ. ಎಸಿ ಸದ್ದು ಮಾತ್ರ ಕೇಳ್ತಿತ್ತು.

"ಅವ ಆಗ್ಲೇ ಹೇಳಿದ್ದ" ಅಂದ್ರು ಕೊನೆಗೆ. "ನಾನು ಮುಟ್ಲೇ ಇಲ್ಲ ಡ್ಯಾಡಿ ಅಂತ. ಸುಳ್ಳು ಹೇಳ್ತಿ ಅಂತ ಎರಡನೇ ಪೆಟ್ಟು ಕೊಟ್ಟದ್ದು ನಾನು. ಮೊದಲನೇದು ಗಾಡಿಗೆ, ಎರಡನೇದು ಸುಳ್ಳಿಗೆ."

ಕೆನಡಾದಲ್ಲಿ ಆಗ ಬೆಳಿಗ್ಗೆ. ನಾನಿರುವಾಗ ಫೋನ್ ಮಾಡಲಿಲ್ಲ. ಮಾಡಿದ್ರೋ ಇಲ್ವೋ ನಾನು ಕೇಳಲೂ ಇಲ್ಲ. ವ್ಯಾನನ್ನು ಮಾತ್ರ ಹಳೇ ಪೇಪರಿನಲ್ಲಿ ನಿಧಾನವಾಗಿ ಸುತ್ತಿ ರೀಲಿನ ಪಕ್ಕ ಇಟ್ಟುಕೊಂಡ್ರು. ಬಾಗಿಲವರೆಗೆ ಬಂದು ಕಳಿಸುವಾಗ ಜೇಬಿಗೆ ಕೈಹಾಕಿ, "ಎರಡು ಐಟಂ ವಾಪಸ್ ಬಂತಲ್ಲ, ಐವತ್ತು ರಿಯಾಲ್ ತಿರುಗಿ ಕೊಡ್ಬೇಕಾ?" ಅಂದ್ರು. "ಆ ಐವತ್ತನ್ನು ನಾನು ಮೊದಲೇ ಚೌಕಾಶಿ ಮಾಡಿ ಹೊಡೆದಿದ್ದೇನೆ ಅಂಕಲ್" ಅಂದೆ. ಇಬ್ಬರೂ ನಕ್ಕೆವು.

ಮೊನ್ನೆ ಮಂಗಳೂರಿನಿಂದ ಒಂದು ಫೋಟೋ ಬಂತು. ಬರಹ ಇಲ್ಲ, ಬರೀ ಫೋಟೋ. ಶೋಕೇಸಿನಲ್ಲಿ ಆಂಟಿಯ ಫೋಟೋದ ಪಕ್ಕ ಆ ವ್ಯಾನು, ಪೇಪರ್ ಬಿಚ್ಚಿ ಇಟ್ಟದ್ದು. ರೀಲು ಕಾಣಿಸಲಿಲ್ಲ. ಮಾರಿದ್ರೋ, ಗಾಳ ಹಾಕೋಕೆ ಹೊಳೆಗೆ ಒಯ್ದರೋ ದೇವರಿಗೇ ಗೊತ್ತು. ವ್ಯಾನನ್ನು ತೇವ ಇಲ್ಲದ ಕಡೆ ಇಡಿ ಅಂತ ಟೈಪ್ ಮಾಡಿ, ಮಂಗಳೂರಿನ ಮಳೆಗಾಲ ನೆನಪಾಗಿ ಅಳಿಸಿದೆ. ಅದು ಹೇಗೂ ಉಳಿಯೋದಿಲ್ಲ.

ನನ್ನ ಕಪಾಟಿನಲ್ಲಿ ಏಳು ಮ್ಯಾಚ್‌ಬಾಕ್ಸು, ಒಂದು ಹಸಿರು ಎಂಜಿನ್ನು. ಎಂಜಿನ್ನಿಗೆ ಕೀಲಿ ಹುಡುಕ್ತಾ ಇದ್ದೇನೆ. ಸಿಕ್ಕಿದ ತಕ್ಷಣ ತಿರುಗಿಸಬಾರದು, ಒಳಗಿನ ಹಳೇ ಎಣ್ಣೆ ಒಣಗಿ ಅಂಟಾಗಿರುತ್ತೆ, ಮೊದಲು ಅದನ್ನು ತೊಳೆದು ತೆಗೀಬೇಕು. ಆ ಕೆಲಸದ ಕಥೆ ಮುಂದಿನ ಶುಕ್ರವಾರ ಹೇಳ್ತೀನಿ.

ಅಲ್ಲಿವರೆಗೆ ನಿಮಗೊಂದು ಕೆಲಸ. ನಿಮ್ಮ ಮನೆಯ ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ, ಯಾರೋ ಒಡೆದರು ಅಂತ ಎತ್ತಿಟ್ಟ ವಸ್ತು ಏನಾದ್ರೂ ಇದ್ರೆ ಒಮ್ಮೆ ಬೆಳಕಿಗೆ ತಂದು ನೋಡಿ. ನಿಜವಾಗಿ ಒಡೆದದ್ದಾ ಅಂತ. ಕಂಡದ್ದನ್ನ ನನಗೂ ಬರೀರಿ, ಆಯ್ತಾ?